ಟೆಕ್ಸಾಸ್‌ನಲ್ಲಿ ಮನೆ ಕಟ್ಟುವವರ ಜೊತೆ ಕೆಲಸ: ಹೊಸದಾಗಿ ಬಂದ ತಂಗಿಗೆ

ನಿಮ್ಮ ಪತ್ರ ಎರಡು ಸಲ ಓದಿದೆ. ಡಲ್ಲಾಸ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸದ ಪರ್ಮಿಟ್ ಕೈಗೆ ಬಂತು, ಬಿಲ್ಡರ್‌ಗಳಿಗೆ ಮರ, ಶೀಟು, ಕಿಟಕಿ ಒದಗಿಸುವ ಕಂಪನಿಯೊಂದು ಕರೆದಿದೆ ಎಂದು ಬರೆದಿದ್ದೀರಿ. "ಸಿವಿಲ್ ಓದಿ ಆರು ವರ್ಷ ಸೈಟಿನಲ್ಲಿ ನಿಂತವಳು ಇಲ್ಲಿ ಮರದ ಅಂಗಡಿಯಲ್ಲಿ ಫೋನ್ ಹಿಡಿದು ಕೂರಬೇಕಾ? ಇಲ್ಲಿ ಬದುಕು ಇಷ್ಟೇನಾ?" ಎಂದು ಕೇಳಿದ್ದೀರಿ.

ನಾನು ಹದಿನೇಳು ವರ್ಷದಿಂದ ಅದೇ ಫೋನ್ ಹಿಡಿದಿದ್ದೇನೆ. ನೀವು ನನ್ನ ತಂಗಿಯ ವಯಸ್ಸಿನವರು, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ. ಸೇರಿಕೊಳ್ಳಿ. ಅದು ಸುಮ್ನೆ ಆರ್ಡರ್ ಬರೆದುಕೊಳ್ಳುವ ಕೆಲಸ ಅಲ್ಲ.

ಮೊದಲು ಕಣ್ಣು ಹೊಂದಿಕೊಳ್ಳಬೇಕು. ನಮಗೆ ಮನೆ ಅಂದರೆ ಪಿಲ್ಲರ್, ಬೀಮು, ಮೋಲ್ಡು. ಇಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಮರದ ಅಸ್ಥಿಪಂಜರ ಏಳುತ್ತದೆ. ಟೂ ಬೈ ಫೋರ್ ಅನ್ನುವ ಮರ ಅಳೆದರೆ ಒಂದೂವರೆ ಇಂಚಿಗೆ ಮೂರೂವರೆ ಇಂಚು ಇರುತ್ತದೆ. ಗೋಡೆಯಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದು ನಿಲ್ಲಿಸುತ್ತಾರೆ. ಮಿಲಿಮೀಟರ್ ಮರೆತು ಇಂಚಿನ ಹದಿನಾರನೇ ಒಂದು ಭಾಗದಲ್ಲಿ ಯೋಚಿಸಲು ನನಗೆ ಒಂದು ವರ್ಷ ಹಿಡಿಯಿತು. ನಿಮಗೆ ಬೇಗ ಬರಬಹುದು.

ಇನ್ನು ಕೋಡ್. ಇಡೀ ಅಮೆರಿಕಕ್ಕೆ ಒಂದೇ ಕಟ್ಟಡ ನಿಯಮ ಇಲ್ಲ. ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಸಂಸ್ಥೆ ಮನೆಗಳಿಗೆ ಐಆರ್‌ಸಿ ಎಂಬ ಮಾದರಿ ಪುಸ್ತಕ ಬರೆಯುತ್ತದೆ. ಮೂರು ವರ್ಷಕ್ಕೊಮ್ಮೆ ಹೊಸದು: 2015, 2018, 2021, 2024. ಪುಸ್ತಕ ಬಂದ ಮಾತ್ರಕ್ಕೆ ಜಾರಿ ಆಗುವುದಿಲ್ಲ. ರಾಜ್ಯವೋ ಊರೋ ಅದನ್ನು ಒಪ್ಪಿಕೊಳ್ಳಬೇಕು. ಟೆಕ್ಸಾಸ್‌ನಲ್ಲಿ ಈ ತೀರ್ಮಾನ ಹೆಚ್ಚಾಗಿ ಊರುಗಳ ಕೈಯಲ್ಲಿದೆ, ಜೊತೆಗೆ ಪ್ರತಿ ಊರೂ ತನ್ನದೇ ತಿದ್ದುಪಡಿ ಸೇರಿಸುತ್ತದೆ. ಹಾಗಾಗಿ ರಸ್ತೆಯ ಈ ಬದಿಗೊಂದು ಆವೃತ್ತಿ, ಆ ಬದಿಗೆ ಇನ್ನೊಂದು ಇರಬಹುದು. ವಿದ್ಯುತ್ತಿಗೆ ಬೇರೆಯೇ ಪುಸ್ತಕ, ಅದೂ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಅದರ 2020ರ ಆವೃತ್ತಿಯಲ್ಲಿ ಹೊಸ ಮನೆಗೆ ಸರ್ಜ್ ಪ್ರೊಟೆಕ್ಟರ್, ಅಂದರೆ ಕರೆಂಟ್ ದಿಢೀರ್ ಏರಿದಾಗ ಕಾಪಾಡುವ ಸಾಧನ, ಕಡ್ಡಾಯವಾಯಿತು. ತುರ್ತಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ ಮನೆಯ ಹೊರಗಿರಬೇಕು ಎಂಬ ನಿಯಮವೂ ಬಂತು.

ನಾಲ್ಕು ಊರುಗಳಲ್ಲಿ ವರ್ಷಕ್ಕೆ ಹನ್ನೆರಡು ಮನೆ ಕಟ್ಟುವ ಸಣ್ಣ ಬಿಲ್ಡರ್ ಇದನ್ನೆಲ್ಲ ಯಾವಾಗ ಓದುತ್ತಾನೆ ಹೇಳಿ? ಬೆಳಿಗ್ಗೆ ಐದೂವರೆಗೆ ಸೈಟಿನಲ್ಲಿರುತ್ತಾನೆ. ರಾತ್ರಿ ಬಿಲ್ಲು ನೋಡುತ್ತಾನೆ. ಅವನು ನಂಬಿರುವುದು ಮರ ಕೊಡುವವರನ್ನು. ಅಂದರೆ ನಿಮ್ಮನ್ನು.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ, ಇದರಿಂದ ಕೆಲಸ ಏನೆಂದು ಸರಿಯಾಗಿ ಅರ್ಥವಾಗುತ್ತದೆ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತು. ಕರಾವಳಿಯ ರಾಸಾಯನಿಕ ಕಾರ್ಖಾನೆಗಳು ನಿಂತವು. ಅಲ್ಲಿಂದ ಬರುವ ರಾಳ ಇಲ್ಲದೆ ಪ್ಲಾಸ್ಟಿಕ್ ಪೈಪು, ಫೋಮು, ಶೀಟಿನ ಅಂಟು ಎಲ್ಲಕ್ಕೂ ಏಟು ಬಿತ್ತು. ಮೇ ತಿಂಗಳಿಗೆ ಮರದ ವಾಯಿದೆ ಬೆಲೆ ಸಾವಿರ ಬೋರ್ಡ್ ಫೂಟ್‌ಗೆ (ಇಲ್ಲಿ ಮರ ಅಳೆಯುವ ಲೆಕ್ಕ) 1,600 ಡಾಲರ್ ದಾಟಿತು. ನಾವು ಬೆಳಿಗ್ಗೆ ಕೊಟ್ಟ ಕೊಟೇಶನ್ ಸಂಜೆಗೆ ನಿಲ್ಲುತ್ತಿರಲಿಲ್ಲ. ಮಹಡಿಗೆ ಹಾಕುವ ಐ-ಜಾಯಿಸ್ಟ್ ಸಿಗುವುದೇ ಕಷ್ಟವಾಯಿತು. ಇಂಗ್ಲಿಷಿನ ಐ ಅಕ್ಷರದ ಆಕಾರದಲ್ಲಿ ಕಾರ್ಖಾನೆಯಲ್ಲಿ ಮಾಡುವ ತೊಲೆ ಅದು.

ಒಬ್ಬ ಬಿಲ್ಡರ್ ಫೋನ್ ಮಾಡಿ, "ಐ-ಜಾಯಿಸ್ಟ್ ಇಲ್ಲದಿದ್ದರೆ ಟೂ ಬೈ ಟ್ವೆಲ್ವ್ ಕಳಿಸಿ, ಆಗುತ್ತಲ್ಲವಾ?" ಎಂದ. ಯಾವ ತೊಲೆ ಎಷ್ಟು ಉದ್ದಕ್ಕೆ ಭಾರ ಹೊರುತ್ತದೆ ಎಂದು ಹೇಳುವ ಸ್ಪ್ಯಾನ್ ಟೇಬಲ್ ನೋಡಿದೆ. ಭಾರ ತಡೆಯುತ್ತಿತ್ತು. ಆಗುತ್ತದೆ ಎಂದೆ.

ಐ-ಜಾಯಿಸ್ಟಿನ ಎತ್ತರ 11⅞ ಇಂಚು. ಟೂ ಬೈ ಟ್ವೆಲ್ವ್ 11¼ ಇಂಚು. ಮಹಡಿ ⅝ ಇಂಚು ತಗ್ಗಿತು. ಮೆಟ್ಟಿಲು ಮಾತ್ರ ಹಳೆಯ ಲೆಕ್ಕದಲ್ಲೇ ತಯಾರಾಗಿ ಬಂದಿತ್ತು. ಒಂದು ಮೆಟ್ಟಿಲ ಸಾಲಿನಲ್ಲಿ ಎತ್ತರದ ವ್ಯತ್ಯಾಸ ⅜ ಇಂಚು ಮೀರಬಾರದು ಎಂದು ಕೋಡ್ ಹೇಳುತ್ತದೆ, ಯಾಕೆಂದರೆ ಕಾಲಿಗೆ ಒಮ್ಮೆ ಅಭ್ಯಾಸವಾದ ಎತ್ತರ ತಪ್ಪಿದರೆ ಮನುಷ್ಯ ಎಡವಿ ಬೀಳುತ್ತಾನೆ. ಕೊನೆಯ ಮೆಟ್ಟಿಲು ತಪಾಸಣೆಯಲ್ಲಿ ಫೇಲ್ ಆಯಿತು. ಅಷ್ಟೇ ಅಲ್ಲ. ಐ-ಜಾಯಿಸ್ಟಿನ ನಡುವಿನ ಹಲಗೆಯಲ್ಲಿ ತಯಾರಕರು ಹೇಳಿದ ಜಾಗದಲ್ಲಿ ದೊಡ್ಡ ತೂತು ಕೊರೆದು ಎಸಿಯ ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆ, ದಾಟಿಸಬಹುದು. ಟೂ ಬೈ ಟ್ವೆಲ್ವ್‌ನಂಥ ಇಡೀ ಮರದ ತೊಲೆಯಲ್ಲಿ ತೂತು ಎತ್ತರದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು. ಡಕ್ಟ್ ಹೋಗಲು ದಾರಿಯೇ ಇರಲಿಲ್ಲ.

ಆ ಮನೆಗೆ ಕಾಯುತ್ತಿದ್ದವರು ಬಾಡಿಗೆ ಮನೆ ಬಿಟ್ಟಾಗಿತ್ತು. ಎರಡು ಮಕ್ಕಳೊಂದಿಗೆ ಇನ್ನೂ ಮೂರು ವಾರ ನೆಂಟರ ಮನೆಯಲ್ಲಿ ಇರಬೇಕಾಯಿತು. ನಾನು ಹೂಂ ಅಂದಿದ್ದು ಅರ್ಧ ನಿಮಿಷದ ಮಾತು. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಅಂದಿನಿಂದ ಯಾರಾದರೂ ಬದಲಿ ಸಾಮಾನು ಕೇಳಿದರೆ ಮೊದಲು ಡ್ರಾಯಿಂಗ್ ತೆರೆಯುತ್ತೇನೆ. ಭಾರ ಒಂದೇ ನೋಡಿದರೆ ಸಾಲದು. ಎತ್ತರ, ತೂತು, ಬೆಂಕಿ, ಅದಕ್ಕೆ ಅಂಟಿಕೊಂಡ ಬೇರೆ ಕೆಲಸ, ಎಲ್ಲ ನೋಡಬೇಕು. ಆಮೇಲೆ ಎಂಜಿನಿಯರ್‌ಗೆ ಕಳಿಸಿ, ಊರಿನ ಕಚೇರಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಲಾರಿ ಹೊರಡುತ್ತದೆ. ನಿಮ್ಮ ಆರು ವರ್ಷದ ಸೈಟು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಬದಲಾದರೆ ಇನ್ನೇನು ಅಲುಗುತ್ತದೆ ಎಂದು ಕಾಣುವ ಕಣ್ಣು ನಿಮಗಿದೆ.

ಕೆಲವೊಮ್ಮೆ ಕಾನೂನೇ ಬದಲಿಗೆ ದಾರಿ ಕೊಡುತ್ತದೆ. 2019ರಲ್ಲಿ ಟೆಕ್ಸಾಸ್ ಒಂದು ಕಾನೂನು ತಂದಿತು. ರಾಷ್ಟ್ರೀಯ ಮಾದರಿ ಕೋಡ್‌ನ ಕಳೆದ ಮೂರು ಆವೃತ್ತಿಗಳಲ್ಲಿ ಒಪ್ಪಿಗೆ ಪಡೆದ ಸಾಮಗ್ರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಊರು ಬೇಡ ಅನ್ನುವಂತಿಲ್ಲ. ಇಟ್ಟಿಗೆ ಸಿಗದೆ ಕೈಕಟ್ಟಿ ಕೂತ ಬಿಲ್ಡರ್‌ಗೆ ಹೊರಗೋಡೆಗೆ ಫೈಬರ್ ಸಿಮೆಂಟ್ ಹಲಗೆ ತೋರಿಸಲು ಇದು ನನಗೆ ನೆರವಾಗಿದೆ.

ಕೋಡೂ ಪೂರೈಕೆಯೂ ಒಟ್ಟಿಗೆ ಕೈಕೊಟ್ಟಿದ್ದು 2025ರಲ್ಲಿ. ಜನವರಿ 1ರಿಂದ ಹೊಸದಾಗಿ ತಯಾರಾಗುವ ಮನೆ ಎಸಿಗಳಲ್ಲಿ ತಂಪು ಮಾಡುವ ಹಳೆಯ ಆರ್-410ಎ ಅನಿಲ ಹಾಕುವಂತಿರಲಿಲ್ಲ. ಬದಲಿಗೆ ಬಂದ ಆರ್-454ಬಿ ಸ್ವಲ್ಪ ಹೊತ್ತಿಕೊಳ್ಳುವ ಗುಣದ್ದು, ಅದಕ್ಕೆ ಸೋರಿಕೆ ಹಿಡಿಯುವ ಸೆನ್ಸರ್ ಬೇಕಾಯಿತು. ಬೇಸಿಗೆ ಹತ್ತಿರ ಬಂದಾಗ ಅದರ ಸಿಲಿಂಡರೇ ಸಿಗಲಿಲ್ಲ. ಎಸಿ ಇಲ್ಲದೆ ಡಲ್ಲಾಸ್‌ನಲ್ಲಿ ಮನೆ ಒಪ್ಪಿಸಲು ಆಗುವುದಿಲ್ಲ, ಅಲ್ವಾ? ಆರು ತಿಂಗಳು ಮೊದಲೇ ನಾವು ಎಚ್ಚರಿಸಿದ್ದ ಬಿಲ್ಡರ್‌ಗಳು ಮುಂಚೆಯೇ ತರಿಸಿಟ್ಟಿದ್ದರು. ಉಳಿದವರು ಕಾದರು.

ಇನ್ನೊಂದು ಸಂಗತಿ ನೆನಪಿಡಿ. ಸಾಮಾನ್ಯವಾಗಿ ಪರ್ಮಿಟ್‌ಗೆ ಅರ್ಜಿ ಹಾಕಿದ ದಿನ ಯಾವ ಕೋಡ್ ಇತ್ತೋ ಅದೇ ಆ ಮನೆಗೆ ಅನ್ವಯ. ಊರು ಹೊಸ ಆವೃತ್ತಿಗೆ ದಾಟುವ ದಿನಾಂಕ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇರಲಿ.

ಬದುಕು ಹೇಗೆ ಎಂದಿರಿ. ಇಲ್ಲಿ ನನಗೆ ಬಹಳ ಕಷ್ಟವಾಗಿದ್ದು ಒಂದು ಪದ ಬಿಡುವುದು: ನೋಡೋಣ. ಎದುರಿಗಿರುವವರಿಗೆ ಬೇಸರ ಆಗದಿರಲಿ ಎಂದು ನಾವು ಇಲ್ಲ ಎನ್ನುವ ಬದಲು ನೋಡೋಣ ಎನ್ನುತ್ತೇವೆ. ಬಿಲ್ಡರ್ ಕಿವಿಗೆ ಅದು ಆಯಿತು ಎಂದೇ ಕೇಳುತ್ತದೆ. ಅವನು ಕೆಲಸಗಾರರನ್ನು ಸೋಮವಾರಕ್ಕೆ ಕರೆಸಿರುತ್ತಾನೆ. ಕಿಟಕಿ ಹತ್ತು ವಾರ ತಡವಾದರೆ ಹತ್ತು ವಾರ ಎಂದು ಅವತ್ತೇ ಹೇಳಿ. ಬೈಯುತ್ತಾನೆ. ಮರುದಿನ ನಿಮಗೇ ಫೋನ್ ಮಾಡುತ್ತಾನೆ. ಮರಗೆಲಸದವರಲ್ಲಿ ಸ್ಪ್ಯಾನಿಷ್ ಮಾತಾಡುವವರು ಜಾಸ್ತಿ. ಮರಕ್ಕೆ ಮದೇರಾ, ಮೊಳೆಗೆ ಕ್ಲಾವೊ. ನಾಲ್ಕು ಮಾತು ಕಲಿತರೆ ಅವರ ಮುಖ ಅರಳುತ್ತದೆ.

ನಿಮ್ಮ ಓದು ವ್ಯರ್ಥವಾಗುತ್ತದೆ ಎಂಬ ಭಯ ಬೇಡ. ಮೊದಲ ವರ್ಷದಲ್ಲೇ ಕೋಡ್ ಕೌನ್ಸಿಲ್‌ನ ಮನೆ ತಪಾಸಣೆಯ ಪರೀಕ್ಷೆ ಬರೆಯಿರಿ. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಅದು. ಐಆರ್‌ಸಿಯನ್ನು ಅವರ ತಾಣದಲ್ಲಿ ದುಡ್ಡು ಕೊಡದೆ ಓದಬಹುದು. ಆಮೇಲೆ ಎಂಜಿನಿಯರ್ ಲೈಸೆನ್ಸಿನ ಮೊದಲ ಪರೀಕ್ಷೆ ಎಫ್‌ಇ, ಅನುಭವ ಕೂಡಿದ ಮೇಲೆ ಎರಡನೆಯದು ಪಿಇ.

ಸಂದರ್ಶನ ಮುಂದಿನ ವಾರ ಅಲ್ವಾ? ಅದಕ್ಕೂ ಮೊದಲು ಶನಿವಾರ ಬೆಳಿಗ್ಗೆ ಫ್ರೇಮಿಂಗ್, ಅಂದರೆ ಮರದ ಅಸ್ಥಿಪಂಜರ ಏಳಿಸುವ ಕೆಲಸ, ನಡೆಯುತ್ತಿರುವ ಒಂದು ಮನೆಗೆ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಯಜಮಾನರೂ ಬರಲಿ. ಹೆಲ್ಮೆಟ್ ನನ್ನ ಹತ್ತಿರ ಇದೆ. ಗಟ್ಟಿ ಬೂಟು ಹಾಕಿಕೊಂಡು ಬನ್ನಿ, ನೆಲದ ತುಂಬ ಮೊಳೆ ಬಿದ್ದಿರುತ್ತವೆ.