ಪಕ್ಕದ ಮನೆಯ ಹಳದಿ ಹೂವು

ಈ ತಿಂಗಳು ಬಂದ ಕಾಗದಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡಿದ್ದೇನೆ. ಬರೆದವರು ವಿದ್ಯಾರಣ್ಯಪುರದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರ ಕಥೆ ಇಷ್ಟು. ಪಕ್ಕದ ಸೈಟಿನಲ್ಲಿ ಎರಡು ವರ್ಷದ ಹಿಂದೆ ಮನೆ ಕಟ್ಟಿಕೊಂಡು ಬಂದ ಗಂಡ ಹೆಂಡತಿ ಕಾಂಪೌಂಡ್ ಉದ್ದಕ್ಕೂ ಹಳದಿ ಹೂ ಬಿಡುವ, ನೆಲದ ಮೇಲೆ ಹಬ್ಬುವ ಗಿಡ ಹಾಕಿಸಿದರು. ಒಂದೇ ಮಳೆಗಾಲಕ್ಕೆ ಅದು ಗೋಡೆ ಬುಡದ ಸಂದಿಯಲ್ಲಿ ನುಸುಳಿ ಇವರ ಕಡೆ ಬಂತು. ಇವರ ಗರಿಕೆ, ತುಂಬೆ, ದೊಡ್ಡಪತ್ರೆ, ಕನಕಾಂಬರದ ಪಾತಿ, ಎಲ್ಲಾ ಮುಚ್ಚಿಹೋಯಿತು. ಹೇಳೋಣ ಅಂತ ಹೋದರೆ ಆ ಹುಡುಗಿ, "ಆಂಟಿ, ಅದು ಭೃಂಗರಾಜ, ಔಷಧಿ ಗಿಡ. ನಮ್ಮ ಕಾಂಪೌಂಡ್ ಒಳಗೆ ನಮಗೆ ಬೇಕಾದ್ದು ಬೆಳೆಸ್ತೀವಿ" ಅಂದಳಂತೆ. ಇವರು ಸಿಟ್ಟಿನಲ್ಲಿ ಬಂದಷ್ಟನ್ನೂ ಕಿತ್ತು ಗೋಡೆ ಆಚೆ ಎಸೆದರು. ಅಲ್ಲಿಗೆ ಮಾತು ನಿಂತಿತು. ಸಂಕ್ರಾಂತಿಗೆ ಎಳ್ಳು ಬೀರಲು ಆ ಮನೆಯ ಮಗು ಬರಲೇ ಇಲ್ಲ. ಈಗ ಕೇಳುತ್ತಾರೆ: ರಾತ್ರಿ ಹೊತ್ತು ಕಳೆನಾಶಕ ಹೊಡೆದುಬಿಡಲೇ? ದೂರು ಕೊಡಲೇ? ಇಲ್ಲಾ, ವಯಸ್ಸಾಗುತ್ತಾ ನನಗೇ ಸಣ್ಣತನ ಬಂದಿದೆಯೇ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ ಮೇಡಂ. ಸಣ್ಣತನ ಅಲ್ಲ. ಖಂಡಿತ ಅಲ್ಲ. ನಿಮ್ಮ ಕಾಗದ ಓದಿ ನನಗೆ ಸಮಾಧಾನವೇ ಆಯಿತು, ಯಾಕಂದರೆ ಈ ಊರಲ್ಲಿ ತನ್ನ ಪಾತಿಯಲ್ಲಿ ಯಾವ ಗಿಡ ಇತ್ತು, ಯಾವುದು ಹೋಯಿತು ಅಂತ ಹೆಸರು ಹಿಡಿದು ಹೇಳುವವರು ಇನ್ನೂ ಒಬ್ಬರಾದರೂ ಇದ್ದಾರಲ್ಲ ಅಂತ.

ನೀವು ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಮೂರು ಹಲ್ಲಿನಂಥ ಎಲೆ, ಪುಟ್ಟ ಸೂರ್ಯಕಾಂತಿಯಂಥ ಹೂವು. ಅದು ಸಿಂಗಾಪುರ್ ಡೈಸಿ. ಹೆಸರಲ್ಲಿ ಸಿಂಗಾಪುರ ಇದ್ದರೂ ಅದರ ತವರು ಅಮೆರಿಕದ ಉಷ್ಣವಲಯ. ಸಸ್ಯಶಾಸ್ತ್ರದ ಹೆಸರು ಸ್ಫಾಗ್ನೆಟಿಕೋಲ ಟ್ರೈಲೊಬಾಟ. ಆ ಹುಡುಗಿ ಸುಳ್ಳು ಹೇಳಿಲ್ಲ, ಯಾರೋ ಅವಳಿಗೆ ತಪ್ಪು ಹೇಳಿದ್ದಾರೆ. ಹಳದಿ ಭೃಂಗರಾಜ ಅಂತ ನಮ್ಮದೇ ಒಂದು ಗಿಡ ಇದೆ, ಇದರ ಹತ್ತಿರದ ಸಂಬಂಧಿ, ಅದು ನಿಜವಾಗಿಯೂ ಔಷಧಿ. ನಮ್ಮಜ್ಜಿಯರು ಎಣ್ಣೆ ಕಾಯಿಸಲು ತರುತ್ತಿದ್ದ ಬಿಳಿ ಹೂವಿನ ಗರುಗ, ಅಂದರೆ ಭೃಂಗರಾಜ, ಬೇರೆ. ಮೂರೂ ಬೇರೆ ಬೇರೆ. ಹೂವಿನ ಬಣ್ಣ ನೋಡಿ ಹೆಸರಿಟ್ಟು ಮಾರಿದರೆ ಹೀಗೇ ಆಗುತ್ತದೆ.

ಈ ಡೈಸಿಯ ಗುಟ್ಟು ಅದರ ಗೆಣ್ಣಿನಲ್ಲಿದೆ. ಗೆಣ್ಣು ಮಣ್ಣು ಮುಟ್ಟಿದ ಕಡೆಯಲ್ಲೆಲ್ಲ ಬೇರು ಬಿಡುತ್ತದೆ. ಬೀಜ ಬೇಕಿಲ್ಲ. ನೀವು ಗೋಡೆ ಆಚೆ ಎಸೆದಿರಲ್ಲ, ಆ ಒಂದೊಂದು ತುಂಡೂ ಒಂದೊಂದು ಹೊಸ ಗಿಡ. ಇಲ್ಲಿ ಮಾತ್ರ ನಾನು ನಿಮ್ಮನ್ನು ಬೈಯಲೇಬೇಕು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಕಸ ಎಸೆದು ಬುದ್ಧಿ ಕಲಿಸಲು ಹೋಗಬಾರದಿತ್ತು. ನಿಮ್ಮ ಕೈಯಿಂದಲೇ ನಿಮ್ಮ ಕಷ್ಟ ದುಪ್ಪಟ್ಟಾಯಿತು, ಜೊತೆಗೆ ಒಂದು ಮಗುವಿನ ಎಳ್ಳು ಬೆಲ್ಲವೂ ತಪ್ಪಿಹೋಯಿತು.

ಪಕ್ಕದ ಮನೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಇಡೀ ಸೈಟಿಗೆ ಗ್ರಾನೈಟ್ ಹಾಸಿ, ಕಾರಿಗೆ ಜಾಗ ಮಾಡಿ, ಒಂದು ತುಳಸಿಗೂ ಮಣ್ಣು ಬಿಡದವರ ನಡುವೆ ಅವರು ಹಸಿರು ಬೇಕು ಅಂತ ಆಸೆಪಟ್ಟರು. ಅದು ದೊಡ್ಡದು. ಹೊರದೇಶದ ಗಿಡ ಅಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಮೆಣಸಿನಕಾಯಿ, ಟೊಮೇಟೊ, ಸೀಬೆ, ಪರಂಗಿ ಎಲ್ಲಾ ಹೊರಗಿನಿಂದ ಬಂದದ್ದೇ. ಸೀಮೆಬದನೆಯನ್ನೇ ನೋಡಿ, ಮೆಕ್ಸಿಕೊ ಕಡೆಯ ಬಳ್ಳಿ, ತೆಲುಗಿನವರು ಅದನ್ನು ಬೆಂಗಳೂರು ವಂಕಾಯ ಅಂತಲೇ ಕರೆಯುತ್ತಾರೆ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ಲಾಲ್‌ಬಾಗ್ ತುಂಬಾ ದೂರದೂರದ ಮರಗಳಿವೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ರಸ್ತೆಯಲ್ಲಿ ಹೂ ಇರಬೇಕು ಅಂತ ಮರ ಹಾಕಿಸಿದವರು. ಜಕರಂದ, ಗುಲ್‌ಮೊಹರ್, ಮಳೆಮರ ಯಾವುದೂ ನಮ್ಮ ಮಣ್ಣಿನದಲ್ಲ. ಆ ಮರಗಳ ನೆರಳಲ್ಲೇ ನಾವು ಬೆಳೆದೆವು.

ಆದರೆ ಸೀಮೆಬದನೆ ಯಾರನ್ನೂ ಓಡಿಸಲಿಲ್ಲ. ಚಪ್ಪರ ಹಾಕಿದ ಕಡೆ ಹಬ್ಬಿತು, ಕಾಯಿ ಕೊಟ್ಟಿತು, ಜಾಸ್ತಿ ಆದಾಗ ಗೋಡೆ ಮೇಲಿಂದ ಪಕ್ಕದವರಿಗೂ ಹೋಯಿತು. ಕೆಲವು ಗಿಡ ಹಾಗಲ್ಲ. ತವರಿನಲ್ಲಿ ಅವನ್ನು ತಿನ್ನುವ ಹುಳ, ಅವಕ್ಕೆ ತಗಲುವ ರೋಗ ಇರುತ್ತದೆ. ಇಲ್ಲಿ ಅವು ಇಲ್ಲ. ದನ ಮೂಸಿ ನೋಡುವುದಿಲ್ಲ. ಹೀಗೆ ತಡೆಯುವವರೇ ಇಲ್ಲದೆ ಹಬ್ಬುವ ಜಾತಿಗಳಲ್ಲಿ ಅತಿ ಕೆಟ್ಟ ನೂರನ್ನು ಆರಿಸಿ, ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದು ಪಟ್ಟಿ ಮಾಡಿದೆ. ಅದರಲ್ಲಿ ನಿಮ್ಮ ಪಕ್ಕದ ಮನೆಯ ಡೈಸಿಯೂ ಇದೆ. ಲಂಟಾನ ಇದೆ. ಕೆರೆಯ ಅಂತರಗಂಗೆ ಇದೆ. ಒಂದು ಕಾಲದಲ್ಲಿ ಕಲ್ಪವೃಕ್ಷದ ಹಾಗೆ ಹೊಗಳಿ ಹಂಚಿದ ಸುಬಾಬುಲ್ ಇದೆ. ನಮ್ಮ ರಸ್ತೆಗಳಲ್ಲಿ ಕೆಂಪು ಹೂ ಚೆಲ್ಲುವ ಆಫ್ರಿಕನ್ ಟುಲಿಪ್ ಮರವೂ ಇದೆ. ಇವುಗಳಲ್ಲಿ ಒಂದೂ ಕದ್ದು ಬಂದದ್ದಲ್ಲ. ಚೆಂದ ಇದೆ ಅಂತಲೋ ಉಪಯೋಗ ಇದೆ ಅಂತಲೋ ಯಾರೋ ಕೈಯಾರೆ ತಂದು ನೆಟ್ಟದ್ದು.

ಲಂಟಾನದ ಕಥೆ ಗೊತ್ತಲ್ವಾ? ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಕೋಲ್ಕತ್ತಾದ ತೋಟಕ್ಕೆ ಅಲಂಕಾರಕ್ಕೆಂದು ತಂದರು. ಬಣ್ಣ ಬಣ್ಣದ ಹೂಗೊಂಚಲು, ಬೇಲಿಗೆ ಚೆಂದ. ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿ ಬೇಯಿಸಿ ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ. ಜಾಣತನದ ಕೆಲಸ, ನಾನೂ ಒಂದು ಕುರ್ಚಿ ತಂದು ಆಫೀಸಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಎಷ್ಟು ಕುರ್ಚಿ ಮಾಡಿದರೆ ಒಂದು ಕಾಡು ತೆರವಾದೀತು? ಅದೇ ಕಾಡುಗಳ ಕಡೆ ಈಗ ಸೆನ್ನ ಸ್ಪೆಕ್ಟಾಬಿಲಿಸ್ ಅನ್ನುವ ಹಳದಿ ಹೂವಿನ ಮರ ನುಗ್ಗುತ್ತಿದೆ. ಅದೂ ಚೆಂದಕ್ಕೆಂದೇ ತಂದದ್ದು.

ನನ್ನದೂ ಒಂದು ತಪ್ಪಿದೆ, ಹೇಳಿಕೊಳ್ಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ನೇರಳೆ ಹೂವಿನ ಆಸೆಗೆ ಅಂತರಗಂಗೆಯ ನಾಲ್ಕು ಗಿಡ ತಂದು ಟೆರೇಸಿನ ಟಬ್ಬಿನಲ್ಲಿ ಬಿಟ್ಟೆ. ತಿಂಗಳೊಳಗೆ ನೀರೇ ಕಾಣದ ಹಾಗೆ ತುಂಬಿಕೊಂಡಿತು. ಸೊಳ್ಳೆ ಜಾಸ್ತಿಯಾಯಿತು ಅಂತ ಮನೆಯಲ್ಲಿ ಬೈದರು. ಟಬ್ಬನ್ನು ಹಿಂದಿನ ರಾಜಕಾಲುವೆಗೆ ಬಗ್ಗಿಸಿ ಕೈ ತೊಳೆದುಕೊಂಡೆ. ರಾಜಕಾಲುವೆ ಎಲ್ಲಿಗೆ ಹೋಗುತ್ತದೆ? ಕೆರೆಗೆ. ಆಮೇಲೆ ಒಂದು ಬೇಸಿಗೆಯಲ್ಲಿ ನಮ್ಮ ಕೆರೆ ಪೂರ್ತಿ ಹಸಿರು ಕಂಬಳಿ ಹೊದ್ದು ಮಲಗಿದ್ದನ್ನು ಏರಿ ಮೇಲೆ ನಿಂತು ನೋಡಿದೆ. ಕೊಳಚೆ ನೀರು ಉಂಡು ಕೊಬ್ಬುವ ಗಿಡ ಅದು, ನನ್ನ ನಾಲ್ಕು ಗಿಡದಿಂದಲೇ ಅಷ್ಟಾಯಿತು ಅಂತಲ್ಲ. ಆದರೂ ಆ ದಿನ ಊಟ ಸೇರಲಿಲ್ಲ. ಬಂಗಾಳದಲ್ಲಿ ಇದೇ ಗಿಡದ ಕಾಟ ತಾಳಲಾರದೆ 1936ರಲ್ಲಿ ಇದಕ್ಕೆಂದೇ ಒಂದು ಕಾನೂನು ಮಾಡಿದರು ಅಂತ ಆಮೇಲೆ ಓದಿದೆ. ಮೊದಲೇ ಓದಿದ್ದರೆ ಟಬ್ಬು ಬಗ್ಗಿಸುವ ಮುಂಚೆ ಕೈ ತಡೆಯುತ್ತಿತ್ತು.

"ನಮ್ಮ ಕಾಂಪೌಂಡ್, ನಮ್ಮ ಇಷ್ಟ" ಅನ್ನುವ ಮಾತು ನನಗೆ ಯಾಕೆ ಅಷ್ಟು ಚುಚ್ಚುತ್ತದೆ ಅಂದರೆ, ನಮ್ಮ ತಂದೆ ಮಾಗಡಿ ಕಡೆಯ ರೈತರು. ಬದುವಿನ ಮೇಲೆ ಕಾಂಗ್ರೆಸ್ ಗಿಡ ಹೂ ಬಿಟ್ಟರೆ ಪಕ್ಕದ ಹೊಲದವರು ಬೆಳಗ್ಗೆಯೇ ಮನೆ ಬಾಗಿಲಿಗೆ ಬರುತ್ತಿದ್ದರು. "ಅಣ್ಣಾ, ಬೀಜ ಆಗೋಕೆ ಮುಂಚೆ ಕಿತ್ತಾಕು" ಅನ್ನುವರು. ಅಪ್ಪ ಕಾಫಿ ಕೊಟ್ಟು, ಆಮೇಲೆ ಇಬ್ಬರೂ ಸೇರಿಯೇ ಕೀಳುವರು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಗಾಳಿಗೆ ಪಹಣಿ ಗೊತ್ತಾ? 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಆ ಗಿಡ ದೇಶವನ್ನೇ ತುಂಬಿತು. ಅದನ್ನು ತಿನ್ನಲಿ ಅಂತ ಮೆಕ್ಸಿಕೊದಿಂದ ಒಂದು ಜೀರುಂಡೆ ತರಿಸಿ, 1984ರಲ್ಲಿ ಇದೇ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಒಂದಿಷ್ಟು ಕಡಿಮೆಯೂ ಆಗುತ್ತದೆ. ಖಾಲಿ ಸೈಟುಗಳಲ್ಲಿ ಗಿಡ ಇನ್ನೂ ಎದೆಮಟ್ಟ ನಿಂತಿದೆ, ಯಾಕಂದರೆ ಸೈಟಿನ ಓನರ್ ಎಲ್ಲೋ ಇದ್ದಾರೆ, ಪಕ್ಕದವರಿಗೆ ಅಲರ್ಜಿ, ಕೆಮ್ಮು. ಹೊಲದ ಬದುವಿಗೆ ಇದ್ದ ಆ ದಾಕ್ಷಿಣ್ಯ ಸೈಟಿನ ಗೋಡೆಗೆ ಬರಲೇ ಇಲ್ಲ.

ಬ್ರಿಟನ್ನಿನಲ್ಲಿ ಇದು ಕೋರ್ಟಿಗೇ ಹೋಗಿದೆ. ಜಪಾನೀಸ್ ನಾಟ್‌ವೀಡ್ ಅಂತ ಒಂದು ಗಿಡ. 1847ರಲ್ಲಿ ಹಾಲೆಂಡಿನಲ್ಲಿ ಆ ವರ್ಷದ ಅತ್ಯಂತ ಆಸಕ್ತಿಯ ಹೊಸ ಅಲಂಕಾರದ ಗಿಡ ಅಂತ ಚಿನ್ನದ ಪದಕ ಪಡೆಯಿತು. 1850ರಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ಹೋಯಿತು. ಇವತ್ತು ಅಲ್ಲಿ ಮನೆ ಮಾರುವವರು ಜಾಗದಲ್ಲಿ ಆ ಗಿಡ ಇದೆಯೇ ಇಲ್ಲವೇ ಅಂತ ಫಾರಂನಲ್ಲಿ ಬರೆದುಕೊಡಬೇಕು. ವೇಲ್ಸ್‌ನಲ್ಲಿ ರೈಲು ಹಳಿ ಪಕ್ಕದ ಇಬ್ಬರು ಮನೆ ಮಾಲೀಕರು, ಹಳಿಯ ಜಾಗದಿಂದ ಇದರ ಬೇರು ನಮ್ಮ ನೆಲಕ್ಕೆ ಬಂದಿದೆ ಅಂತ ಕೇಸು ಹಾಕಿ ಗೆದ್ದರು. ಮನೆಗೆ ಬಿರುಕು ಬಿಡದಿದ್ದರೂ, ಆ ಬೇರು ನೆಲದೊಳಗೆ ಬಂದು ಕೂತಿರುವುದೇ ತೊಂದರೆ ಅಂತ 2018ರಲ್ಲಿ ಅಪೀಲು ಕೋರ್ಟು ಒಪ್ಪಿತು. ಪದಕ ಕೊಟ್ಟವರು ಯಾರೂ ಇದನ್ನು ಕಾಣಲು ಬದುಕಿರಲಿಲ್ಲ.

ನಮ್ಮಲ್ಲಿ ಏನಿದೆ? 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದಾಗ ಇಂಥ ಜಾತಿಗಳ ಆಮದು, ಮಾರಾಟ, ಹರಡುವಿಕೆಯನ್ನು ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟರು. ಕಾಗದದ ಮೇಲೆ ಒಳ್ಳೆಯದೇ. ನರ್ಸರಿಗೆ ಹೋಗಿ ನೋಡಿ. ಹೋದ ತಿಂಗಳು ಸಿದ್ದಾಪುರದ ಕಡೆ ಒಂದು ನರ್ಸರಿಯಲ್ಲಿ ಅರ್ಧ ಗಂಟೆ ಸುತ್ತಿದೆ. ಸಾಲುಸಾಲು ಗಿಡ, ಎಲ್ಲದಕ್ಕೂ ರೇಟು ಬರೆದಿದೆ, ಒಂದಕ್ಕೂ ಊರು ಬರೆದಿಲ್ಲ. ಇದರ ಹೆಸರೇನಪ್ಪಾ ಅಂತ ಕೇಳಿದರೆ ಹುಡುಗ, "ಫಾಸ್ಟಾಗಿ ಬರುತ್ತೆ ಸಾರ್, ಮೇಂಟೆನೆನ್ಸ್ ಇಲ್ಲ" ಅಂದ. ನನಗೆ ಎದೆ ಧಸಕ್ಕೆಂದಿತು. ಫಾಸ್ಟಾಗಿ ಬರುತ್ತೆ, ನೋಡಿಕೊಳ್ಳಬೇಕಿಲ್ಲ, ದನ ತಿನ್ನಲ್ಲ, ಈ ಮೂರೂ ಹೊಗಳಿಕೆ ಅಲ್ಲ ಸ್ವಾಮಿ, ಅದು ಎಚ್ಚರಿಕೆಯ ಗಂಟೆ. ಗುಜರಾತ್ ಸರ್ಕಾರ 2023ರಲ್ಲಿ ಕೋನೋಕಾರ್ಪಸ್ ಎಂಬ ಮರ ನೆಡುವುದನ್ನೇ ನಿಷೇಧಿಸಿತು. ಅದೂ ಹೀಗೇ ಬೇಗ ಬೆಳೆಯುತ್ತದೆ ಅಂತಲೇ ಊರೂರಲ್ಲಿ ಹಾಕಿದ್ದು. ಮಾತ್ರೆ ಶೀಟಿನ ಮೇಲೆ ಒಳಗೇನಿದೆ ಅಂತ ಬರೆಯುತ್ತಾರೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆಯುತ್ತಾರೆ. ನೂರು ವರ್ಷ ನೆಲದಲ್ಲಿ ಉಳಿಯಬಹುದಾದ ಗಿಡದ ಮೇಲೆ ಮೂರು ಸಾಲು ಬರೆಯಲು ಏನು ಕಷ್ಟ? ಹೆಸರು, ತವರು, ಹೇಗೆ ಹಬ್ಬುತ್ತದೆ, ಇಷ್ಟೇ. ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಇಡೀ ಬೆಂಗಳೂರು ಲಾಲ್‌ಬಾಗಿಗೆ ಬರುತ್ತದೆ. ಅಲ್ಲಿಂದಲೇ ಇದು ಶುರುವಾಗಲಿ ಅಂತ ನಾನು ಈ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಇನ್ನೊಂದು ನೋವು ಇದೆ. ಮನೆ ಕಟ್ಟುವಾಗಲೇ "ಲ್ಯಾಂಡ್‌ಸ್ಕೇಪಿಂಗ್" ಅಂತ ಕಂಟ್ರಾಕ್ಟ್ ಕೊಟ್ಟುಬಿಡುತ್ತಾರೆ. ಟ್ರಕ್ಕಿನಲ್ಲಿ ಗಿಡ ಬರುತ್ತದೆ, ಒಂದು ದಿನದಲ್ಲಿ ತೋಟ ರೆಡಿ. ಮನೆಯವರ ಕೈಗೆ ಮಣ್ಣೇ ಅಂಟುವುದಿಲ್ಲ. ನಾನು ಚಿಕ್ಕವನಿದ್ದಾಗ ಬಸವನಗುಡಿಯ ನಮ್ಮ ಬಾಡಿಗೆ ಮನೆಯಲ್ಲಿ ದುಡ್ಡು ಕೊಟ್ಟು ತಂದ ಗಿಡ ಒಂದೂ ಇರಲಿಲ್ಲ. ದಾಸವಾಳದ ಕಡ್ಡಿ ಎದುರು ಮನೆಯದು, ಕರಿಬೇವು ಹಿಂದಿನ ಮನೆಯದು. ಕರಿಬೇವೂ ಗೋಡೆ ಕೆಳಗೇ ಬರುತ್ತದೆ ನೋಡಿ, ಬೇರಿನಿಂದ ಮರಿ ಒಡೆದು. ಆದರೆ ಅದು ಬಂದಾಗ ಅಮ್ಮ ಗೋಡೆ ಆಚೆ ಕೂಗಿ, "ನಿಮ್ಮ ಮರಿ ಬಂದಿದೆ ಕಣ್ರೀ, ಇಟ್ಕೊಳ್ಳಲಾ?" ಅಂತ ಕೇಳುತ್ತಿದ್ದಳು. ಕೊಟ್ಟವರಿಗೆ ಗಿಡದ ಗುಣ ಗೊತ್ತಿತ್ತು, ಇಸಿದುಕೊಂಡವರಿಗೂ ಗೊತ್ತಾಗುತ್ತಿತ್ತು.

ಈಗ ನಿಮ್ಮ ಉಳಿದ ಎರಡು ಪ್ರಶ್ನೆ. ಕಳೆನಾಶಕ ಬೇಡ. ರಾತ್ರಿ ಹೊತ್ತಂತೂ ಬೇಡವೇ ಬೇಡ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಮೂಲಕ ಮಾತ್ರ ಬಳಸಬೇಕು ಅಂತ 2022ರ ಅಕ್ಟೋಬರಿನಲ್ಲಿ ಕೇಂದ್ರದ ಆದೇಶ ಬಂತು. ಅಲ್ಲದೆ ನಿಮ್ಮ ಉಳಿದ ತುಂಬೆಯೂ ಸಾಯುತ್ತದೆ, ಆ ಮಗು ಅದೇ ಮಣ್ಣಲ್ಲಿ ಆಡುತ್ತದೆ. ದೂರೂ ಬೇಡ. ಮರವಾಗಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಕೇಳಬೇಕಿತ್ತು. ಇದು ಹಬ್ಬುವ ಗಿಡ, ನಿಮ್ಮ ಕಡೆ ಬಂದದ್ದನ್ನು ನೀವು ಕೀಳಬಹುದು.

ಒಂದು ಒಳ್ಳೆ ಮಳೆ ಬಂದ ಮರುದಿನ ಕೀಳಿ, ಮಣ್ಣು ಸಡಿಲ ಇರುತ್ತದೆ. ಗೆಣ್ಣು ತುಂಡಾಗದ ಹಾಗೆ ಉದ್ದಕ್ಕೆ ಎಳೆಯಿರಿ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಟೆರೇಸಿನ ಮೇಲೆ ಹರಡಿ, ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ. ಗೋಡೆ ಬುಡದ ಸಂದಿಗೆ ಸಿಮೆಂಟ್ ಮೆತ್ತಿಸಿ. ಹದಿನೈದು ದಿನಕ್ಕೊಮ್ಮೆ ಹೊಸ ಚಿಗುರು ನೋಡಿ, ಒಂದು ವರ್ಷ ಬಿಡದೆ ನೋಡಿ.

ಆದರೆ ಅದಕ್ಕೂ ಮುಂಚೆ, ಈ ಭಾನುವಾರವೇ, ಉಳಿದಿರುವ ದೊಡ್ಡಪತ್ರೆಯಿಂದ ನಾಲ್ಕು ಕಡ್ಡಿ ಮುರಿದುಕೊಂಡು ಆ ಮನೆಗೆ ಹೋಗಿ. ಬಳ್ಳಿ ಎಸೆದದ್ದು ನನ್ನ ತಪ್ಪು ಅಂತ ಮೊದಲು ಹೇಳಿಬಿಡಿ. ಆಮೇಲೆ ನಿಜವಾದ ಗರುಗದ ಗಿಡ ಒಂದನ್ನು ಕುಂಡದಲ್ಲಿ ತೋರಿಸಿ, ಎಲೆಗೆ ಎಲೆ ಇಟ್ಟು ಆ ಮಗುವಿಗೇ ಪಾಠ ಮಾಡಿ, ಅದು ನಿಮಗೆ ಬರುವ ಕೆಲಸ. ದೊಡ್ಡಪತ್ರೆ ತಂಬುಳಿ ಮಾಡುವುದು ಆ ಹುಡುಗಿಗೆ ಬರದಿದ್ದರೆ ಅದನ್ನೂ ಹೇಳಿಕೊಡಿ. ಮಳೆ ಬಂದ ಮೇಲೆ ಗೋಡೆಯ ಎರಡೂ ಕಡೆ ಒಟ್ಟಿಗೇ ಕೂತು ಕೀಳಿ, ಒಂದೇ ಕಡೆ ಕಿತ್ತರೆ ಅದು ಹೋಗುವುದಿಲ್ಲ.