ಮನೆಯ ಸರ್ವರ್ ಹೊರಗಿನವರಿಗೆ ಏಕೆ ಕಾಣುವುದಿಲ್ಲ?

ಪ್ರಶ್ನೆ: ಶರಣರ ವಚನಗಳ ಪುಟ್ಟ ಜಾಲತಾಣವೊಂದನ್ನು ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರಿನ ಮೇಲೆ ನಡೆಸುತ್ತಿದ್ದೇನೆ. ವೈಫೈನಲ್ಲಿ ತೆರೆಯುತ್ತದೆ, ರೂಟರಿನಲ್ಲಿ 80 ಮತ್ತು 443ನೇ ಪೋರ್ಟುಗಳನ್ನು (ಜಾಲತಾಣದ ಕೋರಿಕೆಗಳು ಬರುವ ದ್ವಾರಗಳನ್ನು) ಪೈಗೆ ಫಾರ್ವರ್ಡ್ ಮಾಡಿದರೂ ಹೊರಗಿನವರಿಗೆ ತೆರೆಯುವುದಿಲ್ಲ. ಕಾರಣವೇನು?
– ಓದುಗರೊಬ್ಬರು, ಬಸವಕಲ್ಯಾಣ, ಬೀದರ್ ಜಿಲ್ಲೆ

ಉತ್ತರ: ರೂಟರಿನ ಸ್ಥಿತಿ ಪುಟದಲ್ಲಿ ವ್ಯಾನ್ ಐಪಿ ವಿಳಾಸವನ್ನು, ಅಂದರೆ ಹೊರಜಾಲದ ಕಡೆಯಿಂದ ರೂಟರಿಗೆ ಸಿಕ್ಕಿರುವ ವಿಳಾಸವನ್ನು ಗಮನಿಸಿ. ಅದು 100.64ರಿಂದ 100.127ರವರೆಗಿನ ಯಾವುದೇ ಅಂಕಿಯಿಂದ ಆರಂಭವಾಗಿದ್ದರೆ, ನಿಮ್ಮ ಇಂಟರ್ನೆಟ್ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆಂದು ತಿಳಿಯಬಹುದು. 2012ರಲ್ಲಿ ಆ ಶ್ರೇಣಿಯನ್ನು ಇದಕ್ಕೆಂದೇ ಮೀಸಲಿಡಲಾಯಿತು. ಹೊರಗಿನಿಂದ ಬಂದ ಕೋರಿಕೆ ಕಂಪನಿಯ ಉಪಕರಣದಲ್ಲೇ ನಿಂತುಬಿಡುವುದರಿಂದ ನಿಮ್ಮ ರೂಟರಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ. ಬದಲಾಗುವ ವಿಳಾಸವನ್ನು ಹಿಂಬಾಲಿಸುವ ಡೈನಾಮಿಕ್ ಡಿಎನ್‌ಎಸ್ ಕೂಡ ಇಲ್ಲಿ ನೆರವಾಗದು.

ಹೆಚ್ಚುವರಿ ಶುಲ್ಕ ತೆತ್ತು ಸ್ಥಿರ ಐಪಿ ಪಡೆಯುವುದು ನೇರ ದಾರಿ. ಹೇರಳ ವಿಳಾಸಗಳಿರುವ ಹೊಸ ಪದ್ಧತಿಯಾದ ಐಪಿವಿ6 ಇದ್ದರೆ ಪೈಗೆ ತನ್ನದೇ ಸಾರ್ವಜನಿಕ ವಿಳಾಸ ದೊರೆಯುತ್ತದೆ. ಆದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ರೂಟರಿನ ಫೈರ್‌ವಾಲ್‌ನಲ್ಲಿ ಅನುಮತಿ ನೀಡಬೇಕು, ನೋಡುವವರಲ್ಲೂ ಐಪಿವಿ6 ಇರಬೇಕು. ನನ್ನ ಮಟ್ಟಿಗೆ ಸುರಂಗದ ಕ್ರಮವೇ ಸುಲಭ: ಪೈ ತಾನಾಗಿ ಕ್ಲೌಡ್‌ಫ್ಲೇರ್‌ನಂಥ ಮಧ್ಯವರ್ತಿ ಜಾಲಸೇವೆಗೆ ಸಂಪರ್ಕ ತೆರೆದಿಟ್ಟುಕೊಂಡಿರುತ್ತದೆ, ಓದುಗರ ಕೋರಿಕೆಗಳು ಆ ಸಂಪರ್ಕದ ಮೂಲಕವೇ ಒಳಬರುತ್ತವೆ. ಆಗ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ.

ಇನ್ನು, ನಮ್ಮ ಭಾಗದಲ್ಲಿ ಕರೆಂಟು ಹೇಳಿಕೇಳಿ ಹೋಗುವುದಿಲ್ಲವಷ್ಟೆ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಮೆಮೊರಿ ಕಾರ್ಡಿನ ಕಡತಗಳು ಕೆಡಬಹುದಾದ್ದರಿಂದ ಪೈ, ರೂಟರು ಮತ್ತು ಫೈಬರ್ ಪೆಟ್ಟಿಗೆ ಮೂರನ್ನೂ ಯುಪಿಎಸ್‌ಗೆ ಜೋಡಿಸಿ, ವಚನಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ.