ದುಬೈಯಿಂದ ಮಗನ ವಿಡಿಯೊ ಕಾಲ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಮಗ ಕೆಲಸಕ್ಕೆಂದು ದುಬೈಗೆ ಹೋಗಿ ಮೂರು ತಿಂಗಳಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜು, ಫೋಟೊ ಎಲ್ಲ ಬರುತ್ತದೆ, ವಿಡಿಯೊ ಕಾಲ್ ಮಾತ್ರ ಹತ್ತುವುದೇ ಇಲ್ಲ. ರೂಮಿನ ಹುಡುಗರು ಫ್ರೀ ವಿಪಿಎನ್ ಹಾಕಿಕೋ ಅನ್ನುತ್ತಾರಂತೆ. ಹಾಕಿಕೊಳ್ಳಬಹುದೇ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ನಿಮ್ಮ ಫೋನೂ ಸರಿ ಇದೆ, ಮಗನ ಫೋನೂ ಸರಿ ಇದೆ. ಯುಎಇಯಲ್ಲಿ ಇಂಟರ್ನೆಟ್ ಮೂಲಕ ಮಾತಾಡಲು ಅಲ್ಲಿನ ಟೆಲಿಕಾಂ ಪ್ರಾಧಿಕಾರ ಒಪ್ಪಿದ ಆ್ಯಪ್‌ಗಳಿಗಷ್ಟೇ ಅವಕಾಶ. ವಾಟ್ಸ್‌ಆ್ಯಪ್ ಕಾಲ್‌ಗೆ ಆ ಒಪ್ಪಿಗೆ ಸಿಕ್ಕಿಲ್ಲ.

ವಿಪಿಎನ್ ಅಂದರೆ ಫೋನಿನ ಇಂಟರ್ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸಿ, ಅದರ ಅಸಲಿ ವಿಳಾಸ ಕಾಣದಂತೆ ಮಾಡುವ ವ್ಯವಸ್ಥೆ. ಅದನ್ನು ಬಳಸುವುದೇ ಅಲ್ಲಿ ತಪ್ಪೇನಲ್ಲ, ಬ್ಯಾಂಕು, ಕಂಪನಿಗಳು ಒಳಗಿನ ಕೆಲಸಕ್ಕೆ ಬಳಸುತ್ತವೆ. ಆದರೆ ಅಪರಾಧ ಮಾಡಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಫೋನಿನ ಗುರುತು) ಮರೆಮಾಚಿದರೆ 2021ರ ಸೈಬರ್ ಕಾನೂನಿನಲ್ಲಿ ಜೈಲೂ ಇದೆ, 5ರಿಂದ 20 ಲಕ್ಷ ದಿರ್ಹಂವರೆಗೆ ದಂಡವೂ ಇದೆ. 5 ಲಕ್ಷ ಎಂದರೂ ನಮ್ಮ ಕೋಟಿ ರೂಪಾಯಿ ದಾಟುತ್ತದೆ. ತಡೆದಿಟ್ಟ ಕಾಲನ್ನು ಹೀಗೆ ದಾಟಿಸುವುದು ಈ ಗೆರೆಯ ಒಳಗೋ ಹೊರಗೋ ಎಂಬ ಪರೀಕ್ಷೆಗೆ ನಿಮ್ಮ ಮಗನೇ ಯಾಕೆ ಕೂರಬೇಕು? "ಎಲ್ಲರೂ ಹಾಕಿದ್ದಾರೆ" ಅನ್ನುವ ಹುಡುಗರು ದಂಡ ಕಟ್ಟಲು ಬರುವುದಿಲ್ಲ. ಅಲ್ಲದೆ, ಫ್ರೀ ವಿಪಿಎನ್ ಹಾಕಿದ ಮೇಲೆ ಅವನ ಇಂಟರ್ನೆಟ್ ಓಡಾಟವೆಲ್ಲ ಯಾರೋ ಗುರುತಿಲ್ಲದವರ ಸರ್ವರ್ ಮೂಲಕವೇ ಹೋಗುತ್ತದೆ. ಅವನ ಬ್ಯಾಂಕ್ ಆ್ಯಪ್ ಇರುವುದೂ ಅದೇ ಫೋನಿನಲ್ಲಿ.

ಇಬ್ಬರೂ ಅಲ್ಲಿ ಒಪ್ಪಿಗೆ ಇರುವ ಬೋಟಿಮ್ ಎಂಬ ಕಾಲಿಂಗ್ ಆ್ಯಪ್ ಹಾಕಿಕೊಳ್ಳಿ, ಇಲ್ಲವೇ ಗೂಗಲ್ ಮೀಟ್ ಬಳಸಿ. ಯಾರೋ ಕಳಿಸಿದ ಲಿಂಕ್ ಒತ್ತದೆ ಪ್ಲೇಸ್ಟೋರ್‌ನಿಂದಲೇ ಇಳಿಸಿ. ಪ್ರತ್ಯೇಕ ಕಾಲಿಂಗ್ ಪ್ಯಾಕ್ ಬೇಕೇ ಎಂದು ಅವನು ತನ್ನ ಸಿಮ್ ಕಂಪನಿಯವರನ್ನೇ ಕೇಳಲಿ. ನಿಮ್ಮ ರಾತ್ರಿ 9 ಗಂಟೆ ಅಲ್ಲಿ 7:30; ಅವನು ಡ್ಯೂಟಿ ಮುಗಿಸಿ ಸ್ನಾನ ಮಾಡಿ ಕೂರುವ ಹೊತ್ತು. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿಗೆ ಅಡ್ಡಿಯಿಲ್ಲ. ಹಿಂದೆ ಗಲ್ಫಿನವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರಲ್ಲ, ಇದೂ ಹಾಗೆಯೇ; ಬಾಯಿ ತುಂಬ ಮಾತಾಡಿ.

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಗನೂ ಇರುತ್ತಾನೆ ತಾನೆ? ಸುಳ್ಳು ಸುದ್ದಿ ಹರಡಿದರೆ ಅಲ್ಲಿಯ ಅದೇ ಸೈಬರ್ ಕಾನೂನಿನಲ್ಲಿ ಕನಿಷ್ಠ 1 ವರ್ಷ ಜೈಲು, 1 ಲಕ್ಷ ದಿರ್ಹಂ ದಂಡ. ಇನ್ನೊಂದು ಧರ್ಮವನ್ನು ಹೀಯಾಳಿಸುವ ಪೋಸ್ಟಿಗೆ ಬೇರೆಯೇ ಕಠಿಣ ಕಾನೂನಿದೆ. ಇಲ್ಲಿ ನಾವು ಚಾ ಕುಡಿಯುತ್ತಾ ದಾಟಿಸುವ ವಿಡಿಯೊವನ್ನು ಅವನು ಅಲ್ಲಿ ಕೂತು ಫಾರ್ವರ್ಡ್ ಮಾಡಿದರೆ ಅಲ್ಲಿಯ ಪೊಲೀಸರಿಗೆ ಉತ್ತರ ಕೊಡಬೇಕಾದವನು ಅವನೇ. ಬೆಳಗ್ಗೆ ಎದ್ದ ಕೂಡಲೇ ಅಂಥದ್ದನ್ನು ಗ್ರೂಪಿಗೆ ಹಾಕುವ ಮಾವ ನಿಮ್ಮ ಮನೆಯಲ್ಲೂ ಒಬ್ಬರಿದ್ದರೆ, ಮೊದಲು ಅವರ ಹತ್ತಿರ ಮಾತಾಡಿ.